ಐವತ್ತು ಮೆದು ಕಾಡತೂಸು

ಪಾಲ್ಮರ್ ಹೌಗೆನ್ ಸೋಮವಾರ ಬೆಳಿಗ್ಗೆ ಹಿಂದಿನ ಬಾಗಿಲಿನಿಂದ ಬಂದ. ಆ ಊರಿನಲ್ಲಿ ಮುಂಬಾಗಿಲು ಇದ್ದದ್ದು ಪಾದ್ರಿಗೆ ಮತ್ತು ಹೆಣಕ್ಕೆ. ಜನವರಿಯಲ್ಲಿ ಎರಡೂ ಆ ಬಾಗಿಲನ್ನು ಬಳಸಿಯಾಗಿತ್ತು. ಆಮೇಲೆ ಸಿಗ್ನೆ ಅದನ್ನು ತೆರೆದಿರಲಿಲ್ಲ.

ಪಾಲ್ಮರನಿಗೆ ಎಂಬತ್ತೊಂದು ವರ್ಷ. ಗೋಧಿ ಹೊಲಗಳನ್ನು ಮಗಳಿಗೆ ಬಿಟ್ಟುಕೊಟ್ಟು ಹತ್ತು ವರ್ಷವಾಗಿತ್ತು. ಚಳಿಗಾಲದಲ್ಲಿ ಹಿಮದ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದ. ಈಗ ಮೂಳೆ ಕೂಡಿತ್ತು, ಆದರೆ ಕಾಫಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ.

"ಯಾರು ಮಾಡಿದ್ದು ಈ ಕಾಫಿ, ನೀನಾ?" ಎಂದ. "ಸತ್ತೋನೂ ಎದ್ದು ಕೂತ್ಕೋಬೇಕು, ಹಂಗಿದೆ."

ಹೇಳಿದ ಮೇಲೆ ಬಾಯಿ ಮುಚ್ಚಿದ. ಬಟ್ಟಲೊಳಗೆ ನೋಡಿದ. ಸಿಗ್ನೆ ಎದ್ದು ಅವನ ಮುಂದೆ ಸಕ್ಕರೆ ಇಟ್ಟಳು. ಅವನು ಸಕ್ಕರೆ ಹಾಕಿಕೊಳ್ಳುವವನಲ್ಲ, ಆದರೂ ಎರಡು ಚಮಚ ಹಾಕಿ ಕಲಕಿದ.

"ಶನಿವಾರ ಗುಂಡು ಹೊಡ್ಯೋ ಕೂಟ ಇದೆ," ಎಂದ. "ಜಲ್ಲಿ ಗುಂಡಿ ಹತ್ರ. ಗೊತ್ತಲ್ಲ."

"ಗೊತ್ತು."

"ಲೈಲ್ ನನಗೇಂತ ಒಂದು ಪೆಟ್ಟಿಗೆ ಕಾಡತೂಸು ತುಂಬಿಟ್ಟಿದ್ದ. ಅಕ್ಟೋಬರಲ್ಲಿ ಹೇಳಿದ್ದ, ಆಗಿದೆ ಬಂದು ತಗೊಂಡ್ಹೋಗು ಅಂತ. ಆಮೇಲೆ... ಬರೋಕೆ ಆಗ್ಲಿಲ್ಲ."

"ಕೆಳಗಿದೆ," ಎಂದಳು ಸಿಗ್ನೆ. "ನಿಮ್ಮ ಹೆಸರು ಬರೆದಿದೆ."

"ಹಂಗಾದ್ರೆ ಸರಿ ಹೋಯ್ತು." ಮುದುಕ ಎದ್ದೇಬಿಟ್ಟ.

"ಇವತ್ತು ಬೇಡ ಪಾಲ್ಮರ್. ಒಂಚೂರು ನೋಡಿ ಕೊಡ್ತೀನಿ."

"ನೋಡೋದೇನಿದೆ? ಲೈಲ್ ತುಂಬಿದ್ದು."

"ಎರಡು ದಿನ ಬಿಟ್ಟು ಬನ್ನಿ."

ಪಾಲ್ಮರ್ ಟೊಪ್ಪಿಗೆ ಹಾಕಿಕೊಂಡ. ವಿಧವೆಯ ಹತ್ತಿರ ಯಾರೂ ವಾದಕ್ಕೆ ಇಳಿಯುವುದಿಲ್ಲ. ಐದು ತಿಂಗಳಿಂದ ಅವಳೊಂದಿಗೆ ಯಾರೂ ಯಾವುದಕ್ಕೂ ವಾದ ಮಾಡಿರಲಿಲ್ಲ. ಹಾಗಾಗಿ ಅವನೂ ಹೊರಟ.

ಸಿಗ್ನೆ ನೆಲಮಾಳಿಗೆಗೆ ಇಳಿದಳು.

ಅವಳ ಗಂಡ ಲೈಲ್ ವಿದ್ಯುತ್ ಸಹಕಾರ ಸಂಘದಲ್ಲಿ ಕಂಬ ಹತ್ತುವ ಕೆಲಸದವನು. ಹಗಲು ತಂತಿ, ಭಾನುವಾರ ಮಧ್ಯಾಹ್ನ ಮದ್ದು. ನೂರು, ನೂರಿಪ್ಪತ್ತು ವರ್ಷ ಹಳೆಯ ರಿವಾಲ್ವರುಗಳಿಗೆ ಅಂಗಡಿಯ ಕಾಡತೂಸು ಹಾಕುವಂತಿಲ್ಲ. ಇಂದಿನ ಮದ್ದಿನ ಒತ್ತಡಕ್ಕೆ ಅಂದಿನ ಕಬ್ಬಿಣ ತಾಳುವುದಿಲ್ಲ. ಕರಿಮದ್ದೇ ಬೇಕು, ಅದೂ ಮುದುಕರ ಮಣಿಕಟ್ಟು ತಡೆಯುವಷ್ಟು. ಹಾಗೆಂದು ಮದ್ದನ್ನು ಸುಮ್ಮನೆ ಕಡಿಮೆ ಹಾಕಿ ಬಿಡುವಂತೆಯೂ ಇಲ್ಲ. ಕರಿಮದ್ದಿಗೂ ಗುಂಡಿಗೂ ನಡುವೆ ಟೊಳ್ಳು ಉಳಿಯಬಾರದು, ಉಳಿದರೆ ಕಾಡತೂಸಿನ ಕೊಳವೆಯೋ ಪಿಸ್ತೂಲಿನ ನಳಿಗೆಯೋ ಒಡೆದುಹೋಗುತ್ತದೆ. ಅದಕ್ಕೆ ಹಿತ್ತಾಳೆಯ ಕೊಳವೆಯಲ್ಲಿ ಅರ್ಧಕ್ಕೆ ಮದ್ದು, ಅದರ ಮೇಲೆ ಅಂಚಿನವರೆಗೆ ರವೆ. ಅಡುಗೆಮನೆಯ ರವೆಯೇ. ಅದರ ಮೇಲೆ ಎರಕದ ಸೀಸದ ಗುಂಡು ಒತ್ತಿ ಬಾಯಿ ಮಡಿಸಿದರೆ ಮೆದು ಕಾಡತೂಸು ಆಯಿತು.

ಅಕ್ಕಪಕ್ಕದ ಮೂರು ಜಿಲ್ಲೆಗಳ ಮುದುಕರು ಅದಕ್ಕಾಗಿ ಲೈಲನ ಹತ್ತಿರ ಬರುತ್ತಿದ್ದರು. ಬೆಳಿಗ್ಗೆ ತಿನ್ನಲು ರವೆ ಇಲ್ಲ, ಎಲ್ಲಾ ಪಿಸ್ತೂಲು ತಿಂದಿದೆ ಎಂದು ಸಿಗ್ನೆ ಅವರೆದುರಿಗೇ ಹೇಳುತ್ತಿದ್ದಳು. ಅದು ಆ ಮನೆಯ ಹಳೆಯ ತಮಾಷೆ.

ಪೆಟ್ಟಿಗೆ ಮೇಜಿನ ಬಲತುದಿಯಲ್ಲಿತ್ತು. ಐದು ಸಾಲು, ಸಾಲಿಗೆ ಹತ್ತು. ಮುಚ್ಚಳದ ಮೇಲೆ ಪಟ್ಟಿ ಅಂಟಿಸಿ ಲೈಲ್ ಬರೆದಿದ್ದ: ಪಾಲ್ಮರ್, ಮೆದು. ಕೆಳಗೆ ತಾರೀಖು. ಅಕ್ಟೋಬರದ ಮೊದಲ ಭಾನುವಾರ.

ಆ ಭಾನುವಾರ ಅವಳಿಗೆ ಸ್ಪಷ್ಟವಾಗಿ ನೆನಪಿತ್ತು. ಚಳಿಗಾಲಕ್ಕೆ ಹೊರಗಿನಿಂದ ಜೋಡಿಸುವ ಎರಡನೆಯ ಕಿಟಕಿಗಳನ್ನು ಇವತ್ತೇ ಹಾಕೋಣವೇ ಎಂದು ಕೇಳಲು ಅವಳು ಅರ್ಧ ಮೆಟ್ಟಿಲು ಇಳಿದಿದ್ದಳು. ಲೈಲ್ ಮರದ ಹಲಗೆಯ ಕುಳಿಗಳಲ್ಲಿ ಕೊಳವೆಗಳನ್ನು ನಿಲ್ಲಿಸಿಕೊಂಡು ಅಳತೆಯ ಚಮಚದಿಂದ ಮದ್ದು ಹಾಕುತ್ತಿದ್ದ. ಅಂಥ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ತಿರುಗದೆ ಒಂದು ಬೆರಳು ಎತ್ತುತ್ತಿದ್ದ. ಆ ಬೆರಳು ಇಳಿಯುವವರೆಗೆ ಮನೆಗೆ ಬೆಂಕಿ ಬಿದ್ದರೂ ಕಾಯಬೇಕು. ಅಪ್ಪಿತಪ್ಪಿ ಅವನ ಬಾಯಿಗೆ ಮಾತು ಬಂತೋ, ಎಲ್ಲಾ ಕೊಳವೆಗಳ ಮದ್ದನ್ನೂ ಡಬ್ಬಿಗೆ ಸುರಿದು ಮೊದಲಿನಿಂದ ಶುರು ಮಾಡುತ್ತಿದ್ದ. ಮದುವೆಯಾದ ಹನ್ನೊಂದು ವರ್ಷದಲ್ಲಿ ಅವಳು ಅದನ್ನು ಎರಡು ಸಲ ನೋಡಿದ್ದಳು. ಎರಡು ಸಲವೂ ಅವನು ಸಿಟ್ಟು ಮಾಡಿಕೊಂಡಿರಲಿಲ್ಲ.

ಆ ದಿನ ಬೆರಳು ಎತ್ತಲಿಲ್ಲ. ಚಮಚ ಹಿಡಿದ ಕೈ ಹಾಗೇ ಇಟ್ಟುಕೊಂಡು ತಿರುಗಿ, "ಯಾವ ಕಿಟಕಿ?" ಎಂದ. ಅವಳು ಹೇಳಿದಳು. "ಹಾಕಣ," ಎಂದ. ಮತ್ತೆ ಹಲಗೆಯ ಕಡೆ ತಿರುಗಿ ಮುಂದುವರಿಸಿದ. ಸುರಿಯಲಿಲ್ಲ.

ಅವಳು ಅದನ್ನು ಕಂಡಳು. ಕಂಡು ಮೆಟ್ಟಿಲು ಹತ್ತಿ ಹೋದಳು. ಸಂಜೆ ಇಬ್ಬರೂ ಕಿಟಕಿ ಹಾಕಿದರು. ಆ ತಿಂಗಳ ಕೊನೆಗೆ ಲೈಲ್ ಸಂಘದ ಅಂಗಳದಲ್ಲಿ ಬಿದ್ದ. ಮೆದುಳಿನಲ್ಲಿ ಗಡ್ಡೆ ಎಂದರು. ಜನವರಿ ಹತ್ತೊಂಬತ್ತಕ್ಕೆ ಮುಗಿಯಿತು.

ಮದ್ದು ಹಾಕದೆ ಒಂದು ಕೊಳವೆ ತಪ್ಪಿಹೋಗಿದ್ದರೆ ಹೊರಗಿನಿಂದ ತಿಳಿಯುವಂತಿಲ್ಲ. ರವೆಯನ್ನು ಅವನು ಕಣ್ಣಳತೆಯಲ್ಲಿ ಅಂಚಿನವರೆಗೆ ತುಂಬುತ್ತಿದ್ದ. ಮದ್ದಿಲ್ಲದ ಕೊಳವೆ ಅಷ್ಟು ರವೆ ಜಾಸ್ತಿ ತಿನ್ನುತ್ತದೆ, ಮೇಲಿನಿಂದ ಎಲ್ಲವೂ ಒಂದೇ ಬಿಳಿ. ಅಂಥ ಕಾಡತೂಸು ಹೊಡೆದರೆ ಹಿಂಬದಿಯಲ್ಲಿ ಕಿಡಿ ಕೊಡುವ ಕೇಪು ಮಾತ್ರ ಸಿಡಿಯುತ್ತದೆ. ಗುಂಡು ನಳಿಗೆಯ ಅರ್ಧ ದಾರಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹೊಡೆದವನು ಗಮನಿಸದೆ ಮತ್ತೊಂದು ಹೊಡೆದರೆ ನಳಿಗೆ ಒಡೆಯುತ್ತದೆ. ಪಾಲ್ಮರನಿಗೆ ಕಿವಿ ಮಂದ. ಕೂಟದಲ್ಲಿ ಅದರ ಮೇಲೆ ಕಿವಿಮುಚ್ಚುಗೆ ಬೇರೆ.

ಸಿಗ್ನೆ ಜಿಲ್ಲೆಯ ಮಣ್ಣು ಸಂರಕ್ಷಣಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ವಿಶ್ವವಿದ್ಯಾಲಯದಲ್ಲಿ ಕಲಿತದ್ದೂ ಅದೇ. ಮಣ್ಣು ಒಣಗಿಸುವುದು, ಜರಡಿ ಹಿಡಿಯುವುದು, ತೂಗುವುದು. ತೂಕದಲ್ಲಿ ಅವಳಿಗೆ ನಂಬಿಕೆ. ಮಂಗಳವಾರ ಕೆಲಸದಿಂದ ಬಂದವಳೇ ಲೈಲನ ಪುಟ್ಟ ತಕ್ಕಡಿಯಲ್ಲಿ ಐವತ್ತನ್ನೂ ಒಂದೊಂದಾಗಿ ತೂಗಿ ಹಾಳೆಯಲ್ಲಿ ಬರೆದಳು. ರವೆ ಮದ್ದಿಗಿಂತ ಹಗುರ, ಆದ್ದರಿಂದ ತಪ್ಪಿದ್ದರೆ ಕಡಿಮೆ ತೂಗಬೇಕು.

ಕೆಲವು ಕಡಿಮೆ ತೂಗಿದವು, ಕೆಲವು ಹೆಚ್ಚು ತೂಗಿದವು. ಎರಕದ ಗುಂಡು ಒಂದಕ್ಕೊಂದು ಸಮ ಇರುವುದಿಲ್ಲ, ಕೊಳವೆಗಳೂ ನಾಲ್ಕು ಕಡೆಯಿಂದ ಕೂಡಿಟ್ಟವು. ಆ ವ್ಯತ್ಯಾಸದಲ್ಲಿ ಮದ್ದಿನ ವ್ಯತ್ಯಾಸ ಮುಳುಗಿಹೋಗಿತ್ತು. ಅವಳು ಹಾಳೆಯನ್ನು ಎರಡು ಸಲ ಓದಿದಳು. ಅದರಿಂದ ಏನೂ ತಿಳಿಯುವಂತಿರಲಿಲ್ಲ.

ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿದಳು. ಲೈಲ್ ಬಿಗಿಯಾಗಿ ಒತ್ತುವವನು. ಒಂದೂ ಸದ್ದು ಮಾಡಲಿಲ್ಲ.

ಉಳಿದದ್ದು ಒಂದೇ ದಾರಿ, ಎಲ್ಲವನ್ನೂ ಬಿಚ್ಚುವುದು. ಅವನ ಕೈ ಕೊನೆಯದಾಗಿ ಮಾಡಿ ಮುಗಿಸಿದ ವಸ್ತು ಆ ಪೆಟ್ಟಿಗೆ. ಅದಾದ ಮೇಲೆ ಕೈ ಮೊದಲಿನಂತೆ ನಡೆಯಲಿಲ್ಲ. ಅಂಗಿಗಳನ್ನು ಅವಳು ಚರ್ಚಿಗೆ ಕೊಟ್ಟಿದ್ದಳು, ಕಂಬ ಹತ್ತುವ ಬೂಟುಗಳನ್ನು ಸಂಘಕ್ಕೆ. ಕೊಡುವಾಗ ಏನೂ ಅನಿಸಿರಲಿಲ್ಲ. ಈಗ ಮುಚ್ಚಳ ಹಾಕಿ ಮೇಲಕ್ಕೆ ಬಂದಳು.

ಬುಧವಾರ ಪಾಲ್ಮರ್ ಮತ್ತೆ ಬಂದ. ಮಗಳು ಮಾಡಿದ ರೂಬಾರ್ಬ್ ಎಂಬ ಹುಳಿದಂಟಿನ ಕಡುಬು ತಂದಿದ್ದ. ಅಂದರೆ ಕೂತು ಮಾತಾಡುವ ಉದ್ದೇಶದಿಂದಲೇ ಬಂದಿದ್ದ.

"ಏನ್ ನೋಡಿದೆ?" ಎಂದ.

"ತೂಗಿ ನೋಡಿದೆ. ಗೊತ್ತಾಗಲ್ಲ. ಬಿಚ್ಚಬೇಕು."

"ಬಿಚ್ಚೋದಾ? ಎಲ್ಲಾನೂ?"

"ಎಲ್ಲಾನೂ."

"ಸಿಗ್ನೆ, ಇಲ್ಕೇಳು. ನಲವತ್ತು ವರ್ಷದಿಂದ ಕೂಟಕ್ಕೆ ಹೋಗ್ತಿದೀನಿ. ನಮ್ಮಜ್ಜನ ಪಿಸ್ತೂಲು ಅದು. ಆಯಪ್ಪ ಹಳೇ ದೇಶದಿಂದ ಹಡಗು ಇಳಿದು ಇಲ್ಲಿಗೆ ಬಂದಾಗ ತಗೊಂಡಿದ್ದು. ಯಾರು ಯಾರೋ ತುಂಬಿಕೊಟ್ಟಿದ್ದಾರೆ ಇದಕ್ಕೆ. ಲೈಲ್ ಥರ ತುಂಬಿದೋರು ಒಬ್ರಿಲ್ಲ. ಬೇಕಾದ್ರೆ ಕೈ ಪಣಕ್ಕಿಡ್ತೀನಿ."

"ನೀವು ಇಡ್ತಿರೋದು ಅದನ್ನೇ. ಕೈನೇ."

ಪಾಲ್ಮರ್ ನಕ್ಕ. ಅವಳು ನಗಲಿಲ್ಲ, ಆದ್ದರಿಂದ ಅವನೂ ನಿಲ್ಲಿಸಿದ.

"ನಾನು ಮಧ್ಯದಲ್ಲಿ ಮಾತಾಡಿಸ್ದೆ ಅವನನ್ನ," ಎಂದಳು. "ಮದ್ದು ಹಾಕ್ತಿದ್ದಾಗ. ಅವನು ಸುರೀಲಿಲ್ಲ. ಹಂಗೇ ಮುಂದುವರಿಸ್ದ. ನಾನು ನೋಡ್ದೆ."

ಮುದುಕ ಬೇಕಾದ್ದಕ್ಕಿಂತ ಗಟ್ಟಿಯಾಗಿ, "ಲೈಲ್ ತಪ್ಪು ಮಾಡೋನಲ್ಲ," ಎಂದ. "ಊರಲ್ಲಿ ಯಾರನ್ನಾದ್ರೂ ಕೇಳು. ಅವನ ಹೆಸರಿಗೆ ಮಸಿ ಬಳೀಬೇಡ."

"ಊರೋರು ಹೊಡೀತಿಲ್ಲ. ನೀವು ಹೊಡೀತಿದ್ದೀರಿ."

"ನಾನು ಸತ್ರೆ ನಷ್ಟ ಏನು? ಎಂಬತ್ತೊಂದು."

"ಸಾಯಲ್ಲ ನೀವು. ಬೆರಳು ಹೋಗುತ್ತೆ, ಕಣ್ಣು ಹೋಗುತ್ತೆ. ಆಮೇಲೆ ಇನ್ನೂ ಹತ್ತು ವರ್ಷ ನಿಮ್ಮ ಮಗಳು ನಿಮಗೆ ಊಟ ಮಾಡಿಸ್ಬೇಕು. ಅವಳ ಕೈಯಡುಗೆ ಬೇರೆ."

ಪಾಲ್ಮರ್ ಮೇಜಿನ ಮೇಲಿನ ಕಡುಬನ್ನು ನೋಡಿದ. "ಅದು ನಿಜ," ಎಂದ.

ಇಬ್ಬರೂ ಕೆಳಗಿಳಿದರು. ಗುಂಡು ಕೀಳುವ ಸುತ್ತಿಗೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಸುತ್ತಿಗೆಯ ತಲೆ ಟೊಳ್ಳು. ಅದರೊಳಗೆ ಕಾಡತೂಸನ್ನು ಹಿಂಭಾಗದಿಂದ ಬಿಗಿದು ಮರದ ದಿಮ್ಮಿಯ ಮೇಲೆ ಬಡಿದರೆ, ಕೊಳವೆ ಅಲ್ಲೇ ನಿಲ್ಲುತ್ತದೆ, ಗುಂಡೂ ರವೆಯೂ ಮದ್ದೂ ಕೆಳಗೆ ಬಟ್ಟಲಿನಂಥ ಜಾಗಕ್ಕೆ ಬೀಳುತ್ತವೆ. ಸಿಗ್ನೆ ಕಣ್ಣು ಕಾಯುವ ಕನ್ನಡಕ ಹಾಕಿಕೊಂಡಳು, ಇನ್ನೊಂದನ್ನು ಪಾಲ್ಮರನಿಗೆ ಕೊಟ್ಟಳು. ಅವನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತ.

ಮೊದಲನೆಯದು ಮೂರು ಏಟಿಗೆ ಬಿಚ್ಚಿಕೊಂಡಿತು. ಬಿಳಿ ರವೆ, ಕಪ್ಪು ಮದ್ದು, ಬೂದು ಗುಂಡು. ಅವಳು ಅದನ್ನು ನೀರಿದ್ದ ಬಕೆಟಿಗೆ ಸುರಿದಳು, ಗುಂಡನ್ನು ತಟ್ಟೆಗೆ ಹಾಕಿದಳು, ಹಾಳೆಯಲ್ಲಿ ಒಂದು ಗೆರೆ ಎಳೆದಳು.

ಮೊದಲ ಸಾಲು ಸರಿಯಾಗಿತ್ತು. ಎರಡನೆಯ ಸಾಲೂ ಸರಿಯಾಗಿತ್ತು. ಪಾಲ್ಮರ್ ಪ್ರತಿ ಹತ್ತಕ್ಕೊಮ್ಮೆ "ನೋಡಿದ್ಯಾ," ಎನ್ನುತ್ತಿದ್ದ. ಸಿಗ್ನೆಯ ತೋಳು ನೋಯತೊಡಗಿತ್ತು. ಒಳ್ಳೆಯ ಕೆಲಸವನ್ನು ಕೆಡಿಸುವುದು ಕಷ್ಟ, ಕೊಳವೆಗಳ ಬಾಯನ್ನು ಲೈಲ್ ಅಷ್ಟು ಬಿಗಿಯಾಗಿ ಮಡಿಸಿದ್ದ.

ಮೂರನೆಯ ಸಾಲಿನ ನಾಲ್ಕನೆಯದು ಬಿಚ್ಚಿಕೊಂಡಾಗ ಕೆಳಗೆ ಬಿದ್ದದ್ದು ಬರೀ ಬಿಳಿ.

ಅವಳು ಸುತ್ತಿಗೆಯ ತಲೆಯನ್ನು ಬೆಳಕಿಗೆ ಹಿಡಿದಳು. ಬೆರಳಾಡಿಸಿದಳು. ಕಪ್ಪು ಎನ್ನುವುದು ಕಾಳಷ್ಟೂ ಇರಲಿಲ್ಲ. ಅದನ್ನು ಬಕೆಟಿಗೆ ಹಾಕದೆ ಒಂದು ಬಟ್ಟಲಿಗೆ ಸುರಿದಳು.

ಐದನೆಯದೂ ಹಾಗೆಯೇ.

ಸಿಗ್ನೆ ಮುಂದುವರಿಸಿದಳು. ನಾನು ಮಾತಾಡಿಸಿದ್ದು ಇಲ್ಲೇ ಇರಬೇಕು ಎಂದುಕೊಂಡಳು. ಯಾವ ಕಿಟಕಿ ಎಂದು ಕೇಳಿ ತಿರುಗಿದ, ವಾಪಸು ಬಂದಾಗ ಎರಡು ದಾಟಿದ. ಹಾಗಾದರೆ ಇದು ತನ್ನ ಮಾತಿನ ತಪ್ಪು. ಹೊತ್ತುಕೊಳ್ಳಬಹುದಾದ ತಪ್ಪು. ಅವಳಿಗೆ ಒಂದು ರೀತಿಯಲ್ಲಿ ಅದು ಸಮಾಧಾನವೇ ಆಯಿತು.

ನಾಲ್ಕನೆಯ ಸಾಲು ಸರಿಯಾಗಿತ್ತು. ಐದನೆಯ ಸಾಲಿನ ಎಂಟನೆಯದರಲ್ಲಿ ಮತ್ತೆ ಬರೀ ರವೆ.

ಆಗ ಅವಳು ಕನ್ನಡಕ ತೆಗೆದು ಕೆಳಗಿಟ್ಟಳು. ಆ ಭಾನುವಾರ ಅವನು ಐದನೆಯ ಸಾಲಿಗೆ ಬರುವ ಹೊತ್ತಿಗೆ ಅವಳು ಮೇಲೆ ಅಡುಗೆಮನೆಯಲ್ಲಿದ್ದಳು. ಆಗ ಅವನನ್ನು ಯಾರೂ ಮಾತಾಡಿಸಿರಲಿಲ್ಲ.

"ಮೂರು," ಎಂದಳು.

ಪಾಲ್ಮರ್ ನೆಲ ನೋಡುತ್ತಿದ್ದ. ಮುರಿದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದ.

"ನನಗೊಂದು ಬಂದಿತ್ತು," ಎಂದ.

"ಏನು?"

"ಇಂಥದ್ದು. ಇದಕ್ಕೆ ಮುಂಚಿನ ಪೆಟ್ಟಿಗೇಲಿ. ಸೆಪ್ಟೆಂಬರಲ್ಲಿ. ಹಿತ್ಲಲ್ಲಿ ಒಬ್ಬನೇ ಡಬ್ಬ ಇಟ್ಕೊಂಡು ಹೊಡೀತಿದ್ದೆ. 'ಟುಪ್' ಅಂತು. ಕಿವಿಗೆ ಏನೂ ಹಾಕಿರ್ಲಿಲ್ಲ, ಅದಕ್ಕೆ ಕೇಳಿಸ್ತು. ನೋಡಿದ್ರೆ ಗುಂಡು ನಳಿಗೇಲಿ ಕೂತಿದೆ. ಕೋಲು ಹಾಕಿ ಬಡಿದು ತೆಗ್ದೆ. ಹಿಂದೆ ರವೆ ಸೀದು ಅಂಟ್ಕೊಂಡಿತ್ತು."

"ಲೈಲ್‌ಗೆ ಹೇಳಿದ್ರಾ?"

"ಇಲ್ಲ."

ನೆಲಮಾಳಿಗೆಯಲ್ಲಿ ನೀರು ಕಾಯಿಸುವ ಯಂತ್ರ ತಾನಾಗಿ ಶುರುವಾಯಿತು.

"ಹೆಂಗೆ ಹೇಳ್ಲಿ?" ಎಂದ ಪಾಲ್ಮರ್. "ನಮ್ಮಲ್ಲಿ ಹೇಳಲ್ಲ ಹಂಗೆಲ್ಲ. ಬಿಟ್ಟಿಯಾಗಿ ಮಾಡ್ಕೊಡ್ತಿದ್ದಾನೆ ಪಾಪ, ಹೋಗಿ ನಿಂದೊಂದು ಕೆಟ್ಟಿತ್ತು ಅಂತ ಹೇಳೋದಾ? ಹೇಳಿದ್ರೆ ಅವನು ಇನ್ನೊಂದು ತುಂಬ್ತಿರ್ಲಿಲ್ಲ. ನಿನಗೆ ಗೊತ್ತು ಅವನು. ಸುತ್ತಿಗೆ ಸಮೇತ ಎತ್ತಿ ಒಳಗಿಟ್ಬಿಡ್ತಿದ್ದ. ಒಂದು ತಾನೆ ಅಂದ್ಕೊಂಡೆ. ಯಾರಿಗಾದ್ರೂ ಒಂದು ಆಗುತ್ತೆ."

"ಲೈಲ್‌ಗೆ ಆಗಲ್ಲ," ಎಂದಳು ಸಿಗ್ನೆ. "ನೀವೇ ಹೇಳಿದ್ರಿ ಈಗ ತಾನೆ."

ಅವನು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಸೆಪ್ಟೆಂಬರಲ್ಲಿ ಯಾವಾಗ?"

"ಎರಡನೇ ಶನಿವಾರ. ಕೊಯ್ಲು ಮುಗಿದಿತ್ತು."

ಅವಳು ಲೆಕ್ಕ ಹಾಕಿದಳು. ಲೆಕ್ಕ ಹಾಕುವುದು ಬೇಡವೆನಿಸಿದರೂ ತಲೆ ತಾನಾಗಿ ಲೆಕ್ಕ ಮಾಡಿತು. ಅವನು ಬೀಳುವುದಕ್ಕೆ ಆರು ವಾರ ಮೊದಲು. ದೊಡ್ಡ ಊರಿನ ವೈದ್ಯೆ ಅಕ್ಟೋಬರದ ಕೊನೆಗೆ ಕೇಳಿದ್ದಳು: ಏನಾದರೂ ಮರೆಯುವುದು, ಕೈಕೆಲಸದಲ್ಲಿ ಎಡವುವುದು, ಇಂಥದ್ದೇನಾದರೂ ಕಂಡಿದ್ದೀರಾ? ಇಲ್ಲ ಎಂದಿದ್ದಳು ಸಿಗ್ನೆ. ಬೆರಳು ಎತ್ತದಿದ್ದದ್ದು ಆಗ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದಿದ್ದರೂ ಹೇಳುವಂಥದ್ದು ಅನಿಸುತ್ತಿರಲಿಲ್ಲ. ಆರು ವಾರ ಮೊದಲು ತಿಳಿದಿದ್ದರೆ ಏನಾಗುತ್ತಿತ್ತು ಎಂದು ಅವಳು ವೈದ್ಯೆಯನ್ನು ಕೇಳಿರಲಿಲ್ಲ. ಈಗಲೂ ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ನೀನು ಬೈಯಿ ನನ್ನ," ಎಂದ ಪಾಲ್ಮರ್. "ಬೈದ್ಬಿಡು. ನನಗೆ ಜನವರಿಯಿಂದ ನಿದ್ದೆ ಇಲ್ಲ."

"ಅದಕ್ಕೇನಾ ಈ ಪೆಟ್ಟಿಗೆ ಬೇಕು ಬೇಕು ಅಂತಿದ್ದಿದ್ದು?"

ಮುದುಕ ತಲೆಯಾಡಿಸಿದ. ಹೌದೋ ಅಲ್ಲವೋ ಸ್ಪಷ್ಟವಾಗಲಿಲ್ಲ. ಆಮೇಲೆ ಹೇಳಿದ. "ಐವತ್ತೂ ಸರಿಯಾಗಿ ಹೊಡೆದ್ರೆ ಅದೊಂದೇ ಕೆಟ್ಟಿದ್ದು ಅಂತಾಗ್ತಿತ್ತು. ಕಾಯಿಲೆ ಅಲ್ಲ, ಬರೀ ಒಂದು ಅಂತ."

"ಕೆಟ್ಟಿದ್ರೆ?"

"ಕೆಟ್ಟಿದ್ರೆ ನನ್ನ ಕೈಲೇ ತಾನೆ ಒಡೆಯೋದು."

ಸಿಗ್ನೆ ಅವನನ್ನು ನೋಡಿದಳು. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಐದು ತಿಂಗಳಿಂದ ಹಾಗೆ, ಬರಬೇಕಾದದ್ದು ಯಾವುದೂ ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ. ಉಳಿದ ಎರಡನ್ನು ಬಿಚ್ಚಿದಳು. ಎರಡೂ ಸರಿಯಾಗಿದ್ದವು. ಬಕೆಟನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಬೇಲಿಯಾಚೆ ಚೆಲ್ಲಿದಳು. ರವೆ ಹುಲ್ಲಿನ ಮೇಲೆ ಗಂಜಿಯಂತೆ ಬಿದ್ದಿತು, ಮದ್ದಿನ ಕಪ್ಪು ಬೆರೆತು ಬೂದುಬಣ್ಣವಾಗಿತ್ತು.

ವಾಪಸು ಬಂದಾಗ ಪಾಲ್ಮರ್ ಟೊಪ್ಪಿಗೆ ಕೈಯಲ್ಲಿ ಹಿಡಿದು ಮೆಟ್ಟಿಲ ಬಳಿ ನಿಂತಿದ್ದ.

"ಶನಿವಾರ ನಾನು ಹೋಗಲ್ಲ ಬಿಡು," ಎಂದ.

"ಹೋಗಿ. ನಾನು ತುಂಬ್ತೀನಿ."

"ನೀನು ಯಾವತ್ತಾದ್ರೂ ತುಂಬಿದ್ಯಾ?"

"ಹನ್ನೊಂದು ವರ್ಷ ನೋಡಿದೀನಿ. ಅವನ ಅಳತೆ ಪುಸ್ತಕ ಇದೆ, ಅವನ ಚಮಚ ಇದೆ. ಮಣ್ಣು ತೂಗೋದು ಇದಕ್ಕಿಂತ ಕಷ್ಟ."

"ನೀನು ತುಂಬಿದ್ರೆ ಹೊಡೀತೀನಿ," ಎಂದ ಪಾಲ್ಮರ್ ತಕ್ಷಣ.

"ಒಂದು ಮಾತು. ಏನಾದ್ರೂ ಸರಿ ಇಲ್ಲ ಅಂದ್ರೆ ಹೇಳ್ಬೇಕು ನೀವು. ಒಳಗೇ ಇಟ್ಕೋಬಾರದು. ಅಲ್ಲೇ, ಆಗಲೇ, ಎಲ್ಲರ ಮುಂದೆ."

"ಎಲ್ಲರ ಮುಂದೆ ಯಾಕೆ? ನಿನಗೆ ಆಮೇಲೆ..."

"ಎಲ್ಲರ ಮುಂದೆ."

ಮುದುಕನಿಗೆ ಅದು ಅಜ್ಜನ ಪಿಸ್ತೂಲಿನ ನಳಿಗೆ ಒಡೆಯುವುದಕ್ಕಿಂತ ಕಷ್ಟದ ಮಾತಾಗಿತ್ತು. ಮುಖದಲ್ಲೇ ಕಾಣುತ್ತಿತ್ತು. ಹೆಂಡತಿ ಬದುಕಿದ್ದಾಗ ನಲವತ್ತೇಳು ವರ್ಷ ಅವಳ ಒಣಗಿದ ಮಾಂಸದ ಮುದ್ದೆಯನ್ನು ಚೆನ್ನಾಗಿದೆ ಎಂದು ತಿಂದವನು ಅವನು.

"ಹೇಳ್ತೀನಿ," ಎಂದ ಕೊನೆಗೆ.

ಗುರುವಾರ ಕಚೇರಿಗೆ ರಜೆ ಹಾಕಿ ಸಿಗ್ನೆ ಬೆಳಿಗ್ಗೆಯೇ ಕೆಳಗಿಳಿದಳು. ಫೋನನ್ನು ಮೇಲೆ ಬಿಟ್ಟಳು. ಹಿಂಬಾಗಿಲಿಗೂ ಚಿಲಕ ಹಾಕಿದಳು, ಅದು ಆ ಊರಿನಲ್ಲಿ ಯಾರೂ ಮಾಡದ ಕೆಲಸ. ಕೊಳವೆಗಳಿಗೆ ಹೊಸ ಕೇಪು ಒತ್ತಿ ಹಲಗೆಯಲ್ಲಿ ನಿಲ್ಲಿಸಿದಳು. ಲೈಲ್ ಐವತ್ತಕ್ಕೂ ಒಟ್ಟಿಗೆ ಮದ್ದು ಹಾಕಿ ಆಮೇಲೆ ದೀಪ ಹಿಡಿದು ನೋಡುತ್ತಿದ್ದ. ಅವಳು ಐದೈದೇ ಹಾಕಿದಳು. ಐದಕ್ಕೆ ಮದ್ದು, ಐದನ್ನೂ ದೀಪದಲ್ಲಿ ನೋಡುವುದು, ಐದಕ್ಕೆ ರವೆ, ಐದಕ್ಕೆ ಗುಂಡು. ರವೆಯನ್ನೂ ಕಣ್ಣಳತೆ ಬಿಟ್ಟು ಇನ್ನೊಂದು ಚಮಚದಿಂದ ಅಳೆದಳು. ಮದ್ದು ತಪ್ಪಿದ್ದರೆ ರವೆ ಅಂಚು ಮುಟ್ಟದೆ ಕೆಳಗೇ ಉಳಿಯುತ್ತದೆ, ಕಣ್ಣಿಗೆ ಹೊಡೆಯುತ್ತದೆ. ಇಷ್ಟು ಸರಳವಾದದ್ದು ಅವನಿಗೆ ಯಾಕೆ ಹೊಳೆಯಲಿಲ್ಲ ಎಂದು ಯೋಚಿಸಿದಳು. ತಪ್ಪದ ಮನುಷ್ಯನಿಗೆ ಅದರ ಅಗತ್ಯ ಇರಲಿಲ್ಲ, ಅಷ್ಟೆ. ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಲೈಲ್ ಒಂದೂವರೆ ಗಂಟೆಯಲ್ಲಿ ಮುಗಿಸುತ್ತಿದ್ದ.

ಮುಚ್ಚಳದ ಹಳೆಯ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿದಳು. ಅದು ಅರ್ಧ ಬಂತು, ಅರ್ಧ ಹರಿಯಿತು. ಪಕ್ಕದಲ್ಲೇ ಹೊಸದು ಅಂಟಿಸಿ ತನ್ನ ಹೆಸರು ಬರೆದಳು.

ಶನಿವಾರ ಗಾಳಿ ಇತ್ತು. ಜಲ್ಲಿ ಗುಂಡಿಯ ಅಂಚಿನಲ್ಲಿ ಹದಿನೆಂಟು ಮಂದಿ ಸೇರಿದ್ದರು. ಟ್ರಕ್ಕುಗಳ ಹಿಂಭಾಗ ಇಳಿಸಿ ಅದರ ಮೇಲೆ ಕಾಫಿ, ಆಲೂ ರೊಟ್ಟಿ, ಸಾಸೇಜು ಹರಡಿದ್ದರು. ಸಿಗ್ನೆಯನ್ನು ಕಂಡು ಎಲ್ಲರೂ ಗಾಳಿಯ ಬಗ್ಗೆ ಮಾತಾಡಿದರು. ಒಬ್ಬರೂ ಲೈಲನ ಹೆಸರೆತ್ತಲಿಲ್ಲ. ಗುಂಡು ಹೊಡೆಯುವವರ ಸಾಲನ್ನು ನೋಡಿಕೊಳ್ಳುವವಳು ವರ್ನಾ, ಶಾಲಾ ಬಸ್ಸು ಓಡಿಸುವ ದಪ್ಪ ಹೆಂಗಸು. ಅವಳ ದನಿಗೆ ಕಿವಿಮುಚ್ಚುಗೆ ಅಡ್ಡಿಯಾಗುತ್ತಿರಲಿಲ್ಲ.

"ಪಾಲ್ಮರ್, ನಿನ್ನ ಸರದಿ. ಕಣ್ಣು ಕಾಣ್ಸುತ್ತಾ, ಇಲ್ಲ ಗುರಿ ಹಲಗೇನ ಹತ್ರ ತರ್ಲಾ?"

"ಹಲಗೆ ಕಾಣ್ಸುತ್ತೆ. ನಿನ್ನ ನೆರಳು ಅದರ ಮೇಲೆ ಬೀಳ್ತಿದೆ, ಸ್ವಲ್ಪ ಸರಿ."

ಎಲ್ಲರೂ ನಕ್ಕರು. ಪಾಲ್ಮರ್ ಪೆಟ್ಟಿಗೆ ತೆರೆದು ಐದು ಕಾಡತೂಸು ತೆಗೆದ. ಆರು ಕುಳಿ, ಹಾಕುವುದು ಐದು, ಕೇಪಿಗೆ ಬಡಿಯುವ ಕುದುರೆಯ ಕೆಳಗಿನದು ಖಾಲಿ. ಪಿಸ್ತೂಲನ್ನು ಎರಡೂ ಕೈಯಲ್ಲಿ ಎತ್ತಿದ. ಸಿಗ್ನೆ ಅವನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಗಟ್ಟಿಮರದ ಉದ್ದನೆಯ ಕೋಲು. ಯಾಕೆ ಅದು ಎಂದು ವರ್ನಾ ಕೇಳಿದ್ದಳು. "ಬೇಕಾಗಬಹುದು," ಎಂದಿದ್ದಳು ಸಿಗ್ನೆ.

ಮೊದಲನೆಯದು ಸಿಡಿಯಿತು. ಬಿಳಿ ಹೊಗೆ, ಕೊಳೆತ ಮೊಟ್ಟೆಯ ವಾಸನೆ, ಹಲಗೆಯ ಮೇಲೆ ತಟ್ಟೆಂಬ ಸದ್ದು. ಎರಡನೆಯದು. ಮೂರನೆಯದು. ಮುದುಕನ ಮಣಿಕಟ್ಟು ಅಲುಗಿತು, ಆದರೆ ನಿಂತಿತು. ಗಾಳಿ ಹೊಗೆಯನ್ನು ಅಡ್ಡಕ್ಕೆ ಎಳೆದುಕೊಂಡು ಹೋಯಿತು.

ನಾಲ್ಕನೆಯದಕ್ಕೂ ಹೊಗೆ ಬಂತು. ಸದ್ದೂ ಬಂತು. ಸ್ವಲ್ಪ ಕಡಿಮೆ ಎನ್ನಬಹುದಾದ ಸದ್ದು, ಗಾಳಿಯಿಂದ ಹಾಗಾಯಿತು ಎಂದೂ ಅನ್ನಬಹುದಾದದ್ದು. ಹಲಗೆಯ ಮೇಲೆ ತಟ್ಟೆಂದದ್ದು ಸಿಗ್ನೆಗೆ ಕೇಳಿಸಲಿಲ್ಲ.

ಪಾಲ್ಮರ್ ಹೆಬ್ಬೆರಳನ್ನು ಕುದುರೆಯ ಮೇಲಿಟ್ಟ. ಇಟ್ಟು ಹಾಗೇ ನಿಂತ. ಅವನ ಭುಜ ಒಮ್ಮೆ ಏರಿ ಇಳಿಯಿತು. ವರ್ನಾ ಅವನನ್ನು ನೋಡುತ್ತಿದ್ದಳು, ಉಳಿದವರು ಅವಳನ್ನು ನೋಡುತ್ತಿದ್ದರು. ಆಮೇಲೆ ಅವನು ಹೆಬ್ಬೆರಳು ತೆಗೆದ. ನಳಿಗೆಯನ್ನು ಗುಂಡಿಯ ಕಡೆಗೇ ಇಟ್ಟುಕೊಂಡು ಎಡಗೈ ಮೇಲಕ್ಕೆತ್ತಿದ.

"ನಿಲ್ಲಿಸಿ," ಎಂದಳು ವರ್ನಾ. ಸಾಲಿನಲ್ಲಿದ್ದವರೆಲ್ಲ ಪಿಸ್ತೂಲು ಕೆಳಗಿಟ್ಟರು.

"ಸಿಗ್ನೆ," ಎಂದ ಪಾಲ್ಮರ್. ಕಿವಿ ಮುಚ್ಚಿಕೊಂಡಿದ್ದರಿಂದ ದನಿ ಬೇಕಾದ್ದಕ್ಕಿಂತ ದೊಡ್ಡದಾಗಿ ಬಂತು. "ನಿನ್ನ ನಾಲ್ಕನೇದು ಸಪ್ಪೆ ಹೊಡೀತು."

ಟ್ರಕ್ಕುಗಳ ಹತ್ತಿರ ಯಾರೋ ಕಾಫಿಯ ಮುಚ್ಚಳ ತಿರುಗಿಸುತ್ತಿದ್ದವರು ತಿರುಗಿಸುವುದನ್ನು ಬಿಟ್ಟರು. "ಗಾಳಿ ಇರ್ಬೇಕು ಪಾಲ್ಮರ್," ಎಂದು ಹಿಂದಿನಿಂದ ಒಬ್ಬ ಮೆಲ್ಲಗೆ ಹೇಳಿದ.

"ಗಾಳಿ ಅಲ್ಲ," ಎಂದ ಮುದುಕ. ಅವನ ಕಿವಿಗಳು ಕೆಂಪಾಗಿದ್ದವು. "ಇವಳದ್ದೇ. ಸಪ್ಪೆ ಇತ್ತು."

ಅವನು ಪಿಸ್ತೂಲನ್ನು ಬರಿದು ಮಾಡಿದ. ಖಾಲಿ ಕೊಳವೆಗಳೂ ಹೊಡೆಯದೆ ಉಳಿದದ್ದೂ ಮೇಜಿನ ಮೇಲೆ ಬಿದ್ದವು. ಸಿಗ್ನೆ ಮುಂದೆ ಬಂದು ಕೋಲನ್ನು ನಳಿಗೆಯ ಬಾಯಿಗೆ ಹಾಕಿದಳು. ಕೋಲು ಮಸಿಯಲ್ಲಿ ಉಜ್ಜಿಕೊಂಡು ಒಳಗೆ ಹೋಯಿತು, ಇನ್ನೂ ಹೋಯಿತು, ಹಿಂದಿನ ತೆರಪಿನಿಂದ ಅದರ ತುದಿ ಕರ್ರಗೆ ಹೊರಬಂತು. ನಡುವೆ ಎಲ್ಲೂ ತಡೆಯಲಿಲ್ಲ.

"ಖಾಲಿ ಇದೆ," ಎಂದಳು. "ಗುಂಡು ಹೊರಗೆ ಹೋಗಿದೆ. ಮದ್ದು ಕಡಿಮೆ ಬಿದ್ದಿರ್ಬೇಕು, ಇಲ್ಲ ಬಾಯಿ ಸರಿಯಾಗಿ ಮಡಿಸಿಲ್ಲ ನಾನು."

"ಮಡಿಸಿಲ್ಲ ಅನ್ಸುತ್ತೆ," ಎಂದ ಪಾಲ್ಮರ್.

ಅವಳು ಜೇಬಿನಿಂದ ಹಾಳೆ ತೆಗೆದು ಬರೆದುಕೊಂಡಳು. ಬರೆಯುವವರೆಗೆ ಎಲ್ಲರೂ ಕಾದರು.

"ಇನ್ನೊಂದಿದೆಯಲ್ಲ," ಎಂದಳು. "ಹೊಡೀರಿ."